ಕರಾವಳಿಯಿಂದ ಹಿಮಕ್ಕೆ: ಸ್ನೋಶೂ, ಸ್ಪೈಕ್ ಮತ್ತು ಬೆವರು

ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಹಾಕುವ ಕಾರವಾರ, ಅಂಕೋಲಾದವರು ಹಿಮ ಹತ್ತಲು ಹೊರಟರೆ ಮೊದಲು ವಿಚಾರಿಸುವುದು ಎಷ್ಟು ಸ್ವೆಟರ್ ಬೇಕು ಅಂತ. ಸ್ವೆಟರ್ ಹೆಚ್ಚಾದದ್ದಕ್ಕೇ ಹೈರಾಣಾಗುವವರು ಜಾಸ್ತಿ. ಬೆವರುವುದು ನಮಗೆ ಲೆಕ್ಕಕ್ಕೇ ಇಲ್ಲ. ಆದರೆ ಅಲ್ಲಿ ಬೆವರಿಗೆ ಒದ್ದೆಯಾದ ಬನಿಯನ್‌ನಲ್ಲಿ ಹತ್ತು ನಿಮಿಷ ಗಾಳಿಗೆ ನಿಂತರೆ ಹಲ್ಲು ಕಟಕಟ ಎನ್ನುತ್ತದೆ. ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂಳದಂತೆ ಬೂಟಿನಡಿ ಕಟ್ಟುವ ಅಗಲದ ಹಲಗೆ, ಕಟ್ಟಿ ಏರುವುದೋ, ಮೈಯೆಲ್ಲ ಬೆವರಿಳಿಸುವ ಕೆಲಸ.

ಮೊದಲ ಸಲಕ್ಕೆ ಉತ್ತರಾಖಂಡದ ಕೇದಾರಕಂಠ ಒಳ್ಳೆಯ ಆಯ್ಕೆ. ಎತ್ತರ ಸುಮಾರು 3,800 ಮೀಟರ್, ಹಿಮಾಲಯದ ಲೆಕ್ಕದಲ್ಲಿ ಸಣ್ಣದೇ. ಕಾರವಾರದಲ್ಲಿ ಮಂಗಳಾ ಲಕ್ಷದ್ವೀಪ್ ರೈಲು ಹತ್ತಿದರೆ ದಿಲ್ಲಿಯ ನಿಜಾಮುದ್ದೀನ್, ಅಲ್ಲಿಂದ ಡೆಹ್ರಾಡೂನ್. ಮುಂದೆ ಚಾರಣ ಶುರುವಾಗುವ ಹಳ್ಳಿ ಸಾಂಕ್ರಿಗೆ ಸುಮಾರು 200 ಕಿ.ಮೀ. ತಿರುವಿನ ರಸ್ತೆ, ಅದಕ್ಕೇ ಒಂದು ಇಡೀ ದಿನ ಬೇಕು. ಅರಬೈಲ್ ಘಟ್ಟದಲ್ಲೇ ಹೊಟ್ಟೆ ತೊಳಸುವವರು ವಾಂತಿ ಮಾತ್ರೆ ಇಟ್ಟುಕೊಳ್ಳಲಿ.

ಈಗ ಸ್ನೋಶೂ ವಿಷಯ. ಡಿಸೆಂಬರ್, ಜನವರಿಯಲ್ಲಿ ಕೇದಾರಕಂಠದ ದಾರಿ ನೂರಾರು ಜನ ತುಳಿದು ಗಟ್ಟಿಯಾಗಿರುತ್ತದೆ. ಅಲ್ಲಿ ಸ್ನೋಶೂ ಬರೀ ಭಾರ. ಬೂಟಿನಡಿ ತೊಡಿಸುವ ಲೋಹದ ಹಲ್ಲುಗಳ ಮೈಕ್ರೋಸ್ಪೈಕ್, ಬೂಟಿನೊಳಗೆ ಹಿಮ ಹೋಗದಂತೆ ಮೊಣಕಾಲಿನವರೆಗೆ ಸುತ್ತುವ ಗೇಟರ್ ಇದ್ದರೆ ಸಾಕು. ಹೊಸ ಹಿಮ ಬಿದ್ದು ಕಾಲು ಮೊಣಕಾಲಿನವರೆಗೆ ಹೂತುಹೋಗುವಾಗ ಮಾತ್ರ ಸ್ನೋಶೂ ಬೇಕೇ ಬೇಕು. ಸಾಂಕ್ರಿಯಲ್ಲಿ ಗೇಟರ್, ಸ್ಪೈಕ್ ಬಾಡಿಗೆಗೆ ಸಿಗುತ್ತವೆ. ಸ್ನೋಶೂ ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಮೊದಲೇ ಮಾತಾಡಿಟ್ಟುಕೊಳ್ಳಿ.

ಅಳತೆ ನೋಡುವಾಗ ಮೈತೂಕಕ್ಕೆ ಚೀಲದ ತೂಕವನ್ನೂ ಸೇರಿಸಬೇಕು. ಎರಡೂ ಸೇರಿ 80 ಕೆ.ಜಿ.ಯೊಳಗಿದ್ದರೆ 22 ಇಂಚು, ನೂರರವರೆಗೆ 25 ಇಂಚು. ಕಟ್ಟುವಾಗ ಪಾದದ ಉಬ್ಬು, ಅಂದರೆ ಹೆಬ್ಬೆರಳಿನ ಬುಡ, ತಿರುಗುವ ಕೀಲಿನ ನೇರಕ್ಕೆ ಬರಬೇಕು. ಬೂಟು ಮುಂದೆ ಸರಿದರೆ ಹೆಜ್ಜೆಹೆಜ್ಜೆಗೂ ಅದರ ಮೂತಿ ಹಲಗೆಗೆ ತಾಗುತ್ತದೆ, ಕೆಳಗಿನ ಹಲ್ಲು ಹಿಮಕ್ಕೆ ಕಚ್ಚುವುದಿಲ್ಲ. ಮೊದಲು ಬೆರಳಿನ ಪಟ್ಟಿ, ಆಮೇಲೆ ಪಾದದ ಮೇಲಿನದು, ಕೊನೆಗೆ ಹಿಮ್ಮಡಿಯದು. ಬಕಲ್ ಹೊರಗಡೆಗೆ ಇರಲಿ, ಒಳಗಿದ್ದರೆ ಇನ್ನೊಂದು ಕಾಲಿಗೆ ಸಿಕ್ಕುತ್ತದೆ. ಹತ್ತು ನಿಮಿಷ ನಡೆದ ಮೇಲೆ ಪಟ್ಟಿ ಸಡಿಲವಾಗುವುದು ಖಂಡಿತ. ನಿಂತು ಮತ್ತೊಮ್ಮೆ ಬಿಗಿಮಾಡಿ.

ಕಡಿದಾದ ಕಡೆ ಹಿಮ್ಮಡಿಯ ಕೆಳಗಿನ ಕಂಬಿ ಎತ್ತಿಟ್ಟರೆ ಮೀನಖಂಡಕ್ಕೆ ಆರಾಮ. ಇಳಿಯುವ ಮೊದಲು ಅದನ್ನು ಮಡಚಲು ಮರೆತರೆ ಮುಗ್ಗರಿಸುತ್ತೀರಿ. ಇಳಿಜಾರಿಗೆ ಅಡ್ಡಡ್ಡ ನಡೆಯುವುದಕ್ಕಿಂತ ನೇರ ಏರುವುದು ವಾಸಿ, ಅಡ್ಡ ಹೋದರೆ ಹಲಗೆ ಪಕ್ಕಕ್ಕೆ ಜಾರುತ್ತದೆ. ಹಿಂದಕ್ಕೆ ಹೆಜ್ಜೆ ಇಡುವುದು ಬೇಡವೇ ಬೇಡ, ಹಲಗೆಯ ಬಾಲ ಹಿಮದಲ್ಲಿ ಹೂತು ಬೆನ್ನ ಮೇಲೆ ಬೀಳುತ್ತೀರಿ. ಬಳಸಿಕೊಂಡು ತಿರುಗಿ. ಕೋಲಿನ ತುದಿಗೆ ಅಗಲದ ಬಿಲ್ಲೆ ಇಲ್ಲದಿದ್ದರೆ ಅರ್ಧ ಕೋಲು ಒಳಗೆ ಹೋಗುತ್ತದೆ. ಮಧ್ಯಾಹ್ನದ ಒದ್ದೆ ಹಿಮ ಹಲ್ಲಿಗೆ ಮೆತ್ತಿ ಉಂಡೆಯಾದರೆ ಹಿಡಿತ ಹೋಯಿತು. ಕೋಲಿನಿಂದ ತಟ್ಟಿ ಉದುರಿಸುತ್ತಿರಿ. ದೇವದಾರು ಮರಗಳ ಬುಡದಲ್ಲಿ, ಕೊಂಬೆಯ ಅಡಿ, ಹಿಮ ಪೊಳ್ಳಾಗಿರುತ್ತದೆ, ದೂರವಿರಿ.

ಶಿಖರದ ದಿನ ನಸುಕಿಗೆ ಮುಂಚೆ ಹೊರಡುವುದಕ್ಕೆ ಕಾರಣ ಸೂರ್ಯೋದಯದ ಫೋಟೋ ಒಂದೇ ಅಲ್ಲ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ, ಸ್ಪೈಕ್ ಹಾಕಿ ಸಲೀಸಾಗಿ ಏರಬಹುದು. ಬಿಸಿಲೇರಿದ ಮೇಲೆ ಅದೇ ದಾರಿಯಲ್ಲಿ ಕಾಲು ಹೂಳುತ್ತದೆ. ಹೊಸ ಹಿಮ ಇದ್ದರೆ ಸ್ನೋಶೂ ಚೀಲಕ್ಕೆ ಕಟ್ಟಿಕೊಂಡು ಹೋಗಿ ಇಳಿಯುವಾಗ ಹಾಕಿಕೊಳ್ಳುವುದೂ ಉಂಟು. ಇಳಿಯುವಾಗ ಕೂತು ಜಾರುವ ಆಸೆ ಎಲ್ಲರಿಗೂ ಬರುತ್ತದೆ. ಸ್ಪೈಕ್ ಕಾಲಲ್ಲಿದ್ದಾಗ ಜಾರಿದರೆ ಹಲ್ಲು ಹಿಮಕ್ಕೆ ಸಿಕ್ಕಿ ಕಾಲಗಂಟು ಮುರಿಯುತ್ತದೆ. ಭಾರಿ ಹಿಮ ಬಿದ್ದ ಮೇಲೆ ಒಂದೆರಡು ದಿನ 30ರಿಂದ 45 ಡಿಗ್ರಿಯ ಬೋಳು ಇಳಿಜಾರುಗಳ ಹತ್ತಿರ ಸುಳಿಯಬೇಡಿ. ಹಿಮಕುಸಿತಗಳಲ್ಲಿ ಹೆಚ್ಚಿನವು ಆಗುವುದು ಅಲ್ಲೇ.

ಬಟ್ಟೆಗೆ ಒಂದೇ ನಿಯಮ: ಹೊರಡುವಾಗ ಸ್ವಲ್ಪ ಚಳಿ ಎನಿಸುತ್ತಲೇ ಇರಬೇಕು. ಒಳಗೆ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ, ಮೇಲೆ ತೆಳು ಫ್ಲೀಸ್, ಗಾಳಿ ಇದ್ದರೆ ಜಾಕೆಟ್. ದಪ್ಪ ಡೌನ್ ಜಾಕೆಟ್ ಚೀಲದಲ್ಲಿರಲಿ, ನಿಂತ ಕೂಡಲೇ ಹಾಕಿ, ಹೊರಟ ಕೂಡಲೇ ತೆಗೆಯಿರಿ. ಹತ್ತಿಯ ಬನಿಯನ್, ಜೀನ್ಸ್ ಮನೆಯಲ್ಲೇ ಇರಲಿ. ನಮ್ಮ ಮಳೆಗಾಲದ ಪ್ಲಾಸ್ಟಿಕ್ ರೇನ್‌ಕೋಟ್ ಗಾಳಿ ತಡೆಯುತ್ತದೆ ನಿಜ, ಅರ್ಧ ಗಂಟೆ ಏರಿದರೆ ಒಳಗೆಲ್ಲ ನೀರು.

ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳ ಹೆಪ್ಪುಗಟ್ಟುವುದಿಲ್ಲ. ಕೊಳವೆ ಇರುವ ನೀರಿನ ಚೀಲ ಪ್ರಯೋಜನಕ್ಕಿಲ್ಲ, ಕೊಳವೆಯೇ ಮೊದಲು ಗಟ್ಟಿಯಾಗುತ್ತದೆ. ತಿನ್ನಲು ಶೇಂಗಾ ಚಿಕ್ಕಿ ಸಣ್ಣ ಚೂರು ಮಾಡಿ ಜೇಬಲ್ಲಿ ಹಾಕಿಕೊಳ್ಳಿ. ಶಿರಸಿಯವರು ಪ್ರೀತಿಯಿಂದ ಒಯ್ಯುವ ತೊಡೆದೇವು ಸಾಂಕ್ರಿ ತಲುಪುವ ಹೊತ್ತಿಗೇ ಪುಡಿ.

ಸಮುದ್ರ ಮಟ್ಟದಿಂದ ಹೋಗುವವರಿಗೆ ಎತ್ತರವೂ ಒಂದು ಪರೀಕ್ಷೆಯೇ. 3,800 ಮೀಟರಿನಲ್ಲಿ ಗಾಳಿಯ ಒತ್ತಡ ಕಾರವಾರದ ಮೂರನೇ ಎರಡು ಪಾಲಿಗಿಂತ ಕಡಿಮೆ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗಬೇಡಿ. ಹೆಚ್ಚಾದರೆ ಇಳಿಯಿರಿ. ಎತ್ತರದ ಬಾಧೆಗೆ ಕೊಡುವ ಡೈಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಅಲೆ ತಾಗದ ಸಡಿಲ ಮರಳಿನ ಮೇಲೆ ಎಂಟು ಕೆ.ಜಿ. ಚೀಲ ಹೊತ್ತು, ಕಾಲು ಅಗಲಿಸಿ, ಮೊಣಕಾಲು ಎತ್ತಿ ಒಂದು ಗಂಟೆ ನಡೆಯಿರಿ. ವಾರದಲ್ಲಿ ಒಂದು ದಿನ ಗುಡ್ಡಳ್ಳಿ ಹತ್ತಿ. ಬೆವರದಷ್ಟು ನಿಧಾನ ನಡೆಯುವುದು ನಮ್ಮ ಸೆಕೆಯಲ್ಲಿ ಆಗದ ಮಾತು, ಮಾತಾಡುತ್ತ ಏರಲು ಬರುವಷ್ಟು ನಿಧಾನವನ್ನಾದರೂ ರೂಢಿಸಿಕೊಳ್ಳಿ.

ತಿರುಗಿ ಬಂದ ಮೇಲೆ ಸ್ಪೈಕನ್ನು ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ. ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಬೂಟಿನದು ಇನ್ನೊಂದು ಕಥೆ. ಪಾಲಿಯುರೇಥೇನ್ ಅಟ್ಟೆ ತೇವದಲ್ಲಿ ಸುಮ್ಮನೆ ಬಿದ್ದಿದ್ದರೇ ಒಳಗೊಳಗೆ ಹಾಳಾಗುತ್ತದೆ, ನೋಡಲು ಹೊಸದರಂತೆಯೇ ಇರುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬೂಟಾದರೆ ರೈಲು ಹತ್ತುವ ತಿಂಗಳು ಮೊದಲೇ ಹಾಕಿಕೊಂಡು ಸದಾಶಿವಗಡದ ಗುಡ್ಡ ಹತ್ತಿಳಿಯಿರಿ. ಅಟ್ಟೆ ಕಿತ್ತು ಬರುವುದಿದ್ದರೆ ಅಲ್ಲೇ ಕಿತ್ತು ಬರಲಿ.