ಬರ್ಫದವ ಮೋಸ ಮಾಡಿಲ್ಲ

ಸರ್ ತೀರಿಕೊಂಡ ಸುದ್ದಿ ಬಂದಿದ್ದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ. ಸಾಲಾಗಿ ಕೈಮುಗಿದ ಚಿತ್ರಗಳು. ಅವುಗಳ ನಡುವೆ ಲಂಬೂ ಒಂದೇ ಸಾಲು ಬರೆದ: "ಬರ್ಫ ನೆನಪದೇನಲೇ?"

ನೆನಪಿದೆ. ಒಂಬತ್ತನೇ ತರಗತಿಯ ಪಾಠ ಒಂದೂ ನೆನಪಿಲ್ಲ, ಬರ್ಫ, ಅಂದರೆ ಐಸ್, ಮಾತ್ರ ನೆನಪಿದೆ.

1992ರ ಮಾರ್ಚ್. ಕಲಬುರಗಿ ಆಗಿನ್ನೂ ಗುಲ್ಬರ್ಗ. ಬೆಳಗಿನ ಶಾಲೆ ಶುರುವಾಗಿತ್ತು. ಹತ್ತು ಗಂಟೆಗೇ ನಲ್ಲಿ ನೀರು ಚಹಾಕ್ಕೆ ಇಟ್ಟ ಹಾಗೆ ಬಿಸಿ. ಸರ್ ಮಣ್ಣಿನ ಹರವಿ ತರಿಸಿದರು, ತಂಡಕ್ಕೊಂದು. "ನೀರು ತಂಪಿಲ್ಲಂತ ದಿನಾ ಬಡಕೋತೀರಿ. ಕರೆಂಟ್ ಇಲ್ಲದ ತಂಪು ಮಾಡಿ ತೋರಸ್ರಿ." ಬೆಳಿಗ್ಗೆ ಏಳಕ್ಕೆ 8 ಲೀಟರ್ ತುಂಬಬೇಕು, ಮಧ್ಯಾಹ್ನ 12ಕ್ಕೆ ಅಳೆಯಬೇಕು. ಏನಾಗಬಹುದು ಅಂತ ಮೊದಲೇ ಪಟ್ಟಿಯಲ್ಲಿ ಬರೆಯಬೇಕು. ಒಂದು ದಿನಕ್ಕೆ ಒಂದೇ ಒಂದು ಬದಲಾವಣೆ.

ಈ ಕೊನೆಯ ಮಾತು ಯಾರಿಗೂ ತಲೆಗೆ ಹೋಗಲಿಲ್ಲ. ಒಂದು ತಂಡ ಒದ್ದೆ ಗೋಣಿ ಸುತ್ತಿ, ಕೆಳಗೆ ಉಸುಕು ಹಾಕಿ, ಹರವಿಯನ್ನು ಬೇವಿನ ನೆರಳಿಗೂ ತಂದಿತು. ನೀರು ತಂಪಾಯಿತು. ಸರ್ ಕೇಳಿದರು, "ಯಾವುದರಿಂದ ಆತು?" ಉತ್ತರ ಇಲ್ಲ. ಮತ್ತೆ ಮೂರು ದಿನ ಬೇರೆ ಬೇರೆಯಾಗಿ ಮಾಡಿಸಿದರು. ಇನ್ನೊಂದು ತಂಡ ಚೆಂದ ಕಾಣಲಿ ಅಂತ ಹರವಿಗೆ ಆಯಿಲ್ ಪೇಂಟ್ ಬಳಿದು ಹೂವು ಬರೆದಿತ್ತು. ಅದರ ನೀರು 34 ಡಿಗ್ರಿ! ಮಣ್ಣಿನ ಸಣ್ಣ ತೂತುಗಳೆಲ್ಲ ಮುಚ್ಚಿದ್ದವು, ನೀರು ಹೊರಗೆ ಜಿನುಗಿ ಆರಲು ದಾರಿಯೇ ಇರಲಿಲ್ಲ. ಕಾರಣ ತಾವೇ ಹುಡುಕಿದರು ಅಂತ ಆ ತಂಡಕ್ಕೆ ಹತ್ತಕ್ಕೆ ಒಂಬತ್ತು ಸಿಕ್ಕಿತು. ನಮಗೆ ಉರಿ ಹತ್ತಿತು.

ನಮ್ಮದು 26ಕ್ಕೆ ನಿಂತಿತ್ತು. ಎಷ್ಟು ಗೋಣಿ ಸುತ್ತಿದರೂ ಅಷ್ಟೇ. ಕೊನೆಯ ದಿನ ಲಂಬೂ ಸೈಕಲ್ ಹತ್ತಿ ಸೂಪರ್ ಮಾರ್ಕೆಟ್ ಕಡೆ ಹೋದ. ಗೋಲಾ ಗಾಡಿಯವನಿಂದ ಒಂದು ಕಿಲೊ ಬರ್ಫ ತಂದ. 12ಕ್ಕೆ ಹತ್ತು ನಿಮಿಷ ಇರುವಾಗ ಹರವಿಯೊಳಗೆ ಬಿಟ್ಟು ಕಲಸಿದೆವು. ಅಳೆದರೆ 14. ಗೆದ್ದೆವು ಅಂತ ನಾನೇ ಮೊದಲು ಚಪ್ಪಾಳೆ ಹೊಡೆದೆ.

ಸರ್ ಹರವಿ ಕಡೆ ನೋಡಲೇ ಇಲ್ಲ, ಗೋಡೆ ಕಡೆ ನೋಡಿದರು. ಅಲ್ಲಿ ಎರಡು ಥರ್ಮಾಮೀಟರ್ ತೂಗಾಡುತ್ತಿದ್ದವು. ಒಂದರ ಬುಡಕ್ಕೆ ಕಂದೀಲಿನ ಬತ್ತಿ ಸುತ್ತಿ, ಅದರ ತುದಿಯನ್ನು ನೀರಿನ ಸೀಸೆಯಲ್ಲಿ ಇಳಿಬಿಟ್ಟಿದ್ದರು. ಆ ಸೀಸೆಗೆ ದಿನಾ ನೀರು ಹಾಕುವುದೇ ಅವರ ಕೆಲಸ ಅಂತ ನಾವು ಅವರಿಗೆ 'ಒದ್ದೆ ಬತ್ತಿ' ಅಂತ ಹೆಸರಿಟ್ಟಿದ್ದೆವು. ಒಣಗಿದ್ದು 38 ತೋರಿಸುತ್ತಿತ್ತು, ಒದ್ದೆಯದು 21. ಆ ಹೊತ್ತಿನ ಗಾಳಿಯಲ್ಲಿ ನೀರು ಆರಿ ಎಷ್ಟು ತಂಪಾಗಬಹುದೋ ಅದನ್ನು ಒದ್ದೆಯದು ತೋರಿಸುತ್ತದೆ.

"ನೀರು ಆರಿ ತಂಪಾಗೋದಾದ್ರ 21ರ ಕೆಳಗ ಇಳಿಯಂಗಿಲ್ಲ. ನಿಮ್ದು ಹ್ಯಾಂಗ ಇಳೀತು?"

"ಗಾಳಿ ಜಾಸ್ತಿ ಇತ್ರಿ ಸರ," ಅಂದ ಲಂಬೂ.

"ಗಾಳಿ ಇದ್ರ ಲಗೂ ಇಳೀತದ. ಆದ್ರ 21 ದಾಟಂಗಿಲ್ಲ." ಒಂದು ಗ್ಲಾಸು ನೀರು ತೆಗೆದು ಬೆಳಕಿಗೆ ಹಿಡಿದರು. ಕಟ್ಟಿಗೆ ಹೊಟ್ಟಿನ ಒಂದು ಚೂರು ತೇಲುತ್ತಿತ್ತು. ಬರ್ಫ ಕರಗದಿರಲಿ ಅಂತ ಗಾಡಿಯವನು ಹೊಟ್ಟಿನಲ್ಲಿ ಮುಚ್ಚಿಟ್ಟಿದ್ದು. "ಇದೂ ಗಾಳಿಗೆ ಬಂತೇನು?"

ಬೆನ್ನಿಗೆ ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕೈಗೆ ಸುಣ್ಣದ ಕಡ್ಡಿ ಬಂತು. ಒಂದು ಗ್ರಾಂ ಬರ್ಫ ಕರಗಲು 80 ಕ್ಯಾಲೊರಿ. ನೀರು 8 ಲೀಟರ್, ಮೊದಲು 26 ಡಿಗ್ರಿ. ಬೋರ್ಡಿನ ಮೇಲೆ ಬೆವರುತ್ತಾ ಲೆಕ್ಕ ಮಾಡಿದೆವು. 14.2 ಬಂತು. ಸರ್ ಮುಖ ಅರಳಿತು.

"ಬರ್ಫದವ ತೂಕದಾಗ ಮೋಸ ಮಾಡಿಲ್ಲ. ನೀವಷ್ಟೇ ಮಾಡೀರಿ."

ನಮ್ಮ 14 ಅನ್ನು ಪಟ್ಟಿಯಿಂದ ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ 'ಬರ್ಫ, 1 ಕಿಲೊ' ಅಂತ ಬರೆದು ಹಾಗೇ ಬಿಟ್ಟರು.

ನಾನು ಈಗ ಪಂಪ್ ಡಿಸೈನ್ ಮಾಡುತ್ತೇನೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಇಪ್ಪತ್ತು ಎಂಜಿನಿಯರುಗಳು ನನ್ನ ಕೈಕೆಳಗಿದ್ದಾರೆ. ಯಾರಾದರೂ ಬಹಳ ಒಳ್ಳೆಯ ರೀಡಿಂಗ್ ತಂದರೆ ನಾನು ಮೊದಲು ಹೊಟ್ಟು ಹುಡುಕುತ್ತೇನೆ. ಅವರಿಗೆ ಅದು ಅರ್ಥವಾಗುವುದಿಲ್ಲ.

ಈಗ ಶಾಲೆಗಳಿಗೆ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿವೆ, ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ. ಒಂದಕ್ಕೆ 20 ಲಕ್ಷದವರೆಗೆ ಅನುದಾನ, ತ್ರಿಡಿ ಪ್ರಿಂಟರು, ಸೆನ್ಸರು. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ನನ್ನ ಮಗಳ ಪ್ರಾಜೆಕ್ಟ್ ಪುಸ್ತಕದಲ್ಲಿ 'ಫಲಿತಾಂಶ' ಗುರುವಾರವೇ ತುಂಬಿತ್ತು, ಪ್ರಯೋಗ ಇದ್ದಿದ್ದು ಶನಿವಾರ. ಕೇಳಿದರೆ, "ಉತ್ತರ ಗೊತ್ತಿರೋದೇ ಅಲ್ವಾ ಅಪ್ಪಾ?" ಅಂದಳು. ತಪ್ಪು ಬಂದರೆ ಮಾರ್ಕ್ಸ್ ಹೋಗುತ್ತದಂತೆ. ಪೇಂಟ್ ಬಳಿದ ಹರವಿಯ ಕಥೆ ಹೇಳಿದೆ. ಸುಮ್ನೆ ನಕ್ಕಳು.

ಹದಿಮೂರನೇ ದಿನ ನಾನೂ ಲಂಬೂನೂ ಸರ್ ಮನೆಗೆ ಹೋಗಿದ್ದೆವು. ಪಡಸಾಲೆಯ ಗೋಡೆಯ ಮೇಲೆ ಅಂಥದ್ದೇ ಜೋಡಿ ತೂಗುತ್ತಿತ್ತು. ಸೀಸೆ ಖಾಲಿ, ಬತ್ತಿ ಒಣಗಿತ್ತು. ಎರಡೂ 34 ತೋರಿಸುತ್ತಿದ್ದವು.