ಬ್ರೋಷರಿನ ರೇರಾ ನಂಬರ್ ನಿಜವೇ, ಸೈಟು ಮಾತ್ರ ಬೇರೆ

ಮೈಸೂರಿನಲ್ಲಿ ಸೈಟು, ಮನೆ ಕೊಡಿಸುವ ಕೆಲಸ ನನ್ನದು. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಏಜೆಂಟ್ ಆಗಿ ನೋಂದಣಿ ಮಾಡಿಸಿ ನಾಲ್ಕು ವರ್ಷವಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರು ಫೋನ್ ಮಾಡಿ "ಅಣ್ಣಾ, ಲೈಸೆನ್ಸ್ ಮಾಡಿಸೋದು ಹೇಗೆ, ಎಷ್ಟಾಗುತ್ತೆ" ಅಂತ ಕೇಳುತ್ತಾರೆ. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಅರ್ಜಿ ಹಾಕುವುದು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ. ಪ್ಯಾನ್, ಆಧಾರ್, ಫೋಟೋ, ಮೂರು ವರ್ಷದ ಇನ್ಕಮ್ ಟ್ಯಾಕ್ಸ್ ರಿಟರ್ನ್, ಆಫೀಸಿನ ವಿಳಾಸಕ್ಕೆ ದಾಖಲೆ ಬೇಕು. ಒಬ್ಬರೇ ಮಾಡುವವರಿಗೆ ಫೀಸು 25,000 ರೂಪಾಯಿ, ಕಂಪನಿಯಾದರೆ 2 ಲಕ್ಷ. ನೋಂದಣಿ 5 ವರ್ಷಕ್ಕೆ. ನಾನು ಮಾಡಿಸುವಾಗ ಪರೀಕ್ಷೆ ಇರಲಿಲ್ಲ, ಮಹಾರಾಷ್ಟ್ರದಲ್ಲಿ 2023ರಿಂದ ತರಬೇತಿ, ಪರೀಕ್ಷೆ ಎರಡೂ ಕಡ್ಡಾಯ ಮಾಡಿದ್ದಾರೆ. ನನ್ನ ಅರ್ಜಿ ತಡವಾಗಿದ್ದು ಕರೆಂಟ್ ಬಿಲ್ಲಿನಿಂದ. ಮನೆಯ ಮುಂದಿನ ರೂಮೇ ನನ್ನ ಆಫೀಸು, ಬಿಲ್ಲು ಅಪ್ಪನ ಹೆಸರಲ್ಲಿತ್ತು, ಅವರಿಂದ ಒಪ್ಪಿಗೆ ಪತ್ರ ಬರೆಸಿ ಮತ್ತೆ ಹಾಕಿದೆ. ಹೀಗಾಗಿ ವಿಳಾಸದ ಕಾಗದ ಮೊದಲೇ ಸರಿ ಮಾಡಿಟ್ಟುಕೊಳ್ಳಿ.

ನನ್ನ ನೋಂದಣಿ ನಂಬರ್ ಬಂತು, ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮಾರನೇ ತಿಂಗಳು ನಿವೃತ್ತ ಮೇಷ್ಟ್ರೊಬ್ಬರನ್ನು ಹುಣಸೂರು ರಸ್ತೆ ಕಡೆಯ ಒಂದು ಲೇಔಟಿಗೆ ಕರೆದುಕೊಂಡು ಹೋದೆ. 30x40 ಸೈಟು ಅವರಿಗೆ ಹಿಡಿಸಿತು. ಕಾರಿನ ಬಾನೆಟ್ ಮೇಲೆ ಬ್ರೋಷರ್ ಹರಡಿದೆ. ಅವರು ಕನ್ನಡಕ ಹಣೆಗೇರಿಸಿ, ಬ್ರೋಷರಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಲೇಔಟಿನ ರೇರಾ ನಂಬರನ್ನು ಒಂದೊಂದೇ ಅಕ್ಷರ ಫೋನಿನಲ್ಲಿ ರೇರಾ ವೆಬ್‌ಸೈಟಿಗೆ ಹಾಕಿದರು. ಪ್ರಾಜೆಕ್ಟ್ ಬಂತು. ನನಗೆ ಸಮಾಧಾನ. ಅವರು ಮಾತ್ರ ಇನ್ನೂ ಓದುತ್ತಲೇ ಇದ್ದರು, ಸರ್ವೆ ನಂಬರುಗಳ ಪಟ್ಟಿ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಬಂದು, "ಅಲ್ಲಪ್ಪಾ, ನಾವು ನಿಂತಿರೋ ಜಾಗದ ಸರ್ವೆ ನಂಬರ್ ಇದರಲ್ಲಿ ಇಲ್ವಲ್ಲ" ಅಂದರು.

ಇರಲಿಲ್ಲ. ಆ ನಂಬರ್ ಲೇಔಟಿನ ಮೊದಲನೇ ಹಂತದ್ದು. ನಾವು ನೋಡುತ್ತಿದ್ದ ಸೈಟು ಎರಡನೇ ಹಂತದ್ದು, ಅದಕ್ಕೆ ಇನ್ನೂ ನೋಂದಣಿಯೇ ಆಗಿರಲಿಲ್ಲ. 2016ರ ರೇರಾ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ: ಹಂತ ಹಂತವಾಗಿ ಮಾಡಿದರೆ ಪ್ರತಿ ಹಂತವೂ ಬೇರೆ ಪ್ರಾಜೆಕ್ಟ್, ಪ್ರತಿಯೊಂದಕ್ಕೂ ಬೇರೆ ನೋಂದಣಿ. ನೋಂದಣಿ ಆಗಬೇಕಾದ ಪ್ರಾಜೆಕ್ಟನ್ನು ಅದಿಲ್ಲದೆ ಏಜೆಂಟ್ ಮಾರಿಸುವ ಹಾಗಿಲ್ಲ. ಸಿಕ್ಕಿಬಿದ್ದರೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆ ಸೈಟಿನ ಬೆಲೆಯ 5%ವರೆಗೂ ಹೋಗಬಹುದು.

ದಂಡದ ಯೋಚನೆ ಆಗ ಬರಲಿಲ್ಲ. ಅದೇ ಬ್ರೋಷರ್ ತೋರಿಸಿ ಎರಡು ಮನೆಯವರಿಂದ ಐವತ್ತೈವತ್ತು ಸಾವಿರ ಬುಕಿಂಗ್ ಕೊಡಿಸಿದ್ದೆನಲ್ಲ, ಅವರ ಮುಖ ಕಣ್ಣ ಮುಂದೆ ಬಂತು. ಅದರಲ್ಲಿ ಒಬ್ಬರು ಹೆಂಡತಿಯ ಬಳೆ ಅಡವಿಟ್ಟು ತಂದಿದ್ದರು. ಲೇಔಟ್ ಆಫೀಸಿಗೆ ಹೋಗಿ ಕೇಳಿದರೆ, "ಪ್ಲಾನ್ ಅಪ್ರೂವಲ್‌ಗೆ ಕೊಟ್ಟಿದ್ದೀವಿ, ನಂಬರ್ ಬಂದೇ ಬರುತ್ತೆ, ಎಲ್ಲರೂ ಹೀಗೇ ಮಾರೋದು ಸಾರ್" ಅಂದರು. ಬರಬಹುದು. ಬರುವ ತನಕ ಆ ಹಣಕ್ಕೆ ಯಾರು ಗ್ಯಾರಂಟಿ? ನಾಲ್ಕು ತಿಂಗಳು ಓಡಾಡಿದ ಮೇಲೆ ಹಣ ವಾಪಸ್ ಬಂತು. ಬಳೆ ಅಡವಿಟ್ಟವರ ಬಡ್ಡಿ ನಾನೇ ಕೊಟ್ಟೆ, ಅದು ನನ್ನ ಮೇಲಿದ್ದ ಋಣ.

ಈಗ ಯಾವುದೇ ಲೇಔಟ್ ನನ್ನ ಕೈಗೆ ಬಂದರೆ, ಗಿರಾಕಿಗೆ ತೋರಿಸುವ ಮೊದಲು ರೇರಾ ಪುಟ ಒಂದು ಕಡೆ, ಭೂ ಪರಿವರ್ತನೆ ಆದೇಶ ಒಂದು ಕಡೆ, ಲೇಔಟ್ ನಕ್ಷೆ ಇನ್ನೊಂದು ಕಡೆ ಇಟ್ಟುಕೊಂಡು ಸರ್ವೆ ನಂಬರುಗಳನ್ನು ಪೆನ್ಸಿಲಿನಲ್ಲಿ ಟಿಕ್ ಮಾಡುತ್ತಾ ಕೂರುತ್ತೇನೆ, ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ನಂಬರ್ ಸಮೇತ. ಅರ್ಧ ದಿನ ಹಿಡಿಯುತ್ತೆ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಜಾಗದ ಮೇಲಿನ ಋಣಭಾರ ಪತ್ರ, ತೆಗೆಸುತ್ತೇನೆ. ಹಣದ ವಿಷಯದಲ್ಲಂತೂ ಇನ್ನೂ ಗಟ್ಟಿ: ಸೇಲ್ ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಬೆಲೆಯ 10%ಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವ ಹಾಗಿಲ್ಲ, ಇದನ್ನು ಗಿರಾಕಿಗೆ ನಾನೇ ಮೊದಲು ಹೇಳುತ್ತೇನೆ. ಇದರಿಂದ ಕೆಲವು ಲೇಔಟಿನವರು ನನ್ನನ್ನು ಕರೆಯುವುದು ಬಿಟ್ಟಿದ್ದಾರೆ, ಬಿಡಲಿ.

ಮೇಷ್ಟ್ರು ಆ ಸೈಟು ಬೇಡ ಅನ್ನಲಿಲ್ಲ, ಕಾಯುತ್ತೇನೆ ಅಂದರು. ಎರಡನೇ ಹಂತಕ್ಕೆ ನಂಬರ್ ಬಂದಿದ್ದು ಮರುವರ್ಷ. ಅಷ್ಟರಲ್ಲಿ ರೇಟು ಏರಿತ್ತು, 30x40 ಅವರ ಕೈಗೆಟುಕಲಿಲ್ಲ. ಅದೇ ಸಾಲಿನ ಕೊನೆಯಲ್ಲಿದ್ದ 20x30 ತೆಗೆದುಕೊಂಡರು. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಮತ್ತೆ ಕನ್ನಡಕ ಹಣೆಗೇರಿಸಿ, ಸರ್ವೆ ನಂಬರುಗಳ ಮೇಲೆ ಬೆರಳಿಟ್ಟು ಓದಿದರು. ಈ ಸಲ ನಾನೂ ಅವರ ಪಕ್ಕದಲ್ಲಿ ಕೂತು ಓದಿದೆ.