ಕ್ರೂಗರ್‌ನಲ್ಲಿ ಕಾಲ್ನಡಿಗೆ: ರೈಫಲ್ ಹಿಂದೆ ಸಾಲಾಗಿ

ಕಬಿನಿ, ಬಂಡೀಪುರದ ಸಫಾರಿಯಲ್ಲಿ ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಆನೆ, ಸಿಂಹ ಇರುವ ಕಾಡಿನೊಳಗೇ ಗೈಡ್ ಜೊತೆ ನಡೆದು ಹೋಗಬಹುದು. ಮುಖ್ಯ ಕ್ಯಾಂಪುಗಳಿಂದ ಬೆಳಗಿನ ಮೂರು-ನಾಲ್ಕು ಗಂಟೆಯ ನಡಿಗೆ ಇದೆ. ಮೂರು ರಾತ್ರಿ ಕಾಡಿನಲ್ಲೇ ಉಳಿಯುವ ಟ್ರೇಲ್‌ಗಳೂ ಇವೆ. ಅವುಗಳಲ್ಲಿ ಮೊದಲನೆಯದು 1978ರಲ್ಲಿ ಶುರುವಾದ ವೋಲ್‌ಹೂಟರ್ ಟ್ರೇಲ್. ಆ ಹೆಸರಿನ ರೇಂಜರನ್ನು 1903ರಲ್ಲಿ ಸಿಂಹವೊಂದು ಕಚ್ಚಿ ಎಳೆದೊಯ್ಯುತ್ತಿದ್ದಾಗ, ಆತ ಸೊಂಟದ ಚಾಕುವಿನಿಂದ ತಿವಿದು ಬದುಕಿದ. ಆ ಚಾಕು ಸ್ಕುಕುಜಾ ಕ್ಯಾಂಪಿನಲ್ಲಿದೆ, ನೋಡಿ ಬನ್ನಿ.

ತಂಡದಲ್ಲಿ ಹೆಚ್ಚೆಂದರೆ ಎಂಟು ಜನ, ರೈಫಲ್ ಹಿಡಿದ ಗೈಡ್‌ಗಳು ಇಬ್ಬರು. 12 ವರ್ಷದೊಳಗಿನ ಮಕ್ಕಳಿಗೆ ಅವಕಾಶವಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ ದೂರದವರೆಗೆ ಕಾಣುತ್ತದೆ, ಮಲೇರಿಯಾದ ಕಾಟವೂ ಕಡಿಮೆ. ಆದರೆ ಕತ್ತಲಲ್ಲಿ ತೆರೆದ ಗಾಡಿಯಲ್ಲಿ ಕೂತು ನಡಿಗೆ ಶುರುವಾಗುವ ಜಾಗಕ್ಕೆ ಹೋಗುವಾಗ ಚಳಿ ಮೂಳೆಗಿಳಿಯುತ್ತದೆ. ಟೋಪಿ, ದಪ್ಪ ಜಾಕೆಟ್ ಇರಲಿ. ಬಟ್ಟೆ ಖಾಕಿ ಅಥವಾ ಮಾಸಲು ಹಸಿರು ಬಣ್ಣದ್ದಾಗಿರಲಿ. ಬಿಳಿ ಬೇಡ. ನಡೆದರೆ ಪರಪರ ಸದ್ದು ಮಾಡುವ ರೇನ್‌ಕೋಟ್ ಬಟ್ಟೆಯ ಪ್ಯಾಂಟಂತೂ ಬೇಡವೇ ಬೇಡ.

ಹೊರಡುವ ಮುನ್ನ ಗೈಡ್ ಹೇಳುವ ಹತ್ತು ನಿಮಿಷದ ಮಾತನ್ನು ಫೋಟೊ ತೆಗೆಯುತ್ತ ಕೇಳುವವರು ಬಹಳ. ಅದರ ಸಾರ ಇಷ್ಟೇ: ಒಬ್ಬರ ಹಿಂದೆ ಒಬ್ಬರು, ಯಾವಾಗಲೂ ರೈಫಲ್‌ಗಳ ಹಿಂದೆ, ಮಾತಿಲ್ಲ. ಏನಾದರೂ ಕಂಡರೆ ಕೂಗದೆ ಚಿಟಿಕೆ ಹೊಡೆಯಬೇಕು. ಏನೇ ಬಂದರೂ ಓಡಬಾರದು. ಓಡಿದರೆ ಸಿಂಹಕ್ಕೆ ನೀವು ಬೇಟೆಯಾಗಿ ಕಾಣುತ್ತೀರಿ. ಜೊತೆಗೆ ಗೈಡ್‌ಗೆ ಪ್ರಾಣಿಯನ್ನೂ ನಿಮ್ಮನ್ನೂ ಒಟ್ಟಿಗೆ ನೋಡಿಕೊಳ್ಳುವ ಪಾಡು ಬರುತ್ತದೆ.

ಗೈಡ್ ಕೈಯಲ್ಲಿ ಬೂದಿ ತುಂಬಿದ ಸಣ್ಣ ಬಟ್ಟೆ ಗಂಟು ಇರುತ್ತದೆ. ಆಗಾಗ ಅದನ್ನು ಅಲುಗಿಸಿ, ಬೂದಿ ಯಾವ ಕಡೆ ತೇಲುತ್ತದೆಂದು ನೋಡುತ್ತಾರೆ. ಗಾಳಿ ನಮ್ಮಿಂದ ಪ್ರಾಣಿಯ ಕಡೆ ಬೀಸುತ್ತಿದ್ದರೆ ಸುತ್ತು ಬಳಸುತ್ತಾರೆ, ಇಲ್ಲವೇ ವಾಪಸಾಗುತ್ತಾರೆ. 'ಇಷ್ಟು ದೂರ ಬಂದು ಹತ್ತಿರ ಹೋಗಲಿಲ್ಲವಲ್ಲ' ಎಂದು ಗೊಣಗಬೇಡಿ. ನಾವು ಬಂದದ್ದೇ ತಿಳಿಯದೆ ಪ್ರಾಣಿ ಮೇಯುತ್ತಿದ್ದರೆ ಆ ಗೈಡ್ ಕೆಲಸ ಬಲ್ಲವನು.

ನಮ್ಮವರು ಎಡವುವುದು ಆನೆಯ ವಿಷಯದಲ್ಲಿ. ಕಣ್ಣು-ಕಿವಿಗಳ ನಡುವೆ ರಸ ಸುರಿದರೆ ಮದ ಬಂದ ಗಂಡು ಎಂಬುದು ನಮ್ಮ ಕಾಡಿನ ಲೆಕ್ಕ. ಆಫ್ರಿಕಾದ ಹೆಣ್ಣಾನೆಗೂ ಗಾಬರಿ, ಉದ್ರೇಕವಾದಾಗ ಅಲ್ಲಿ ರಸ ಇಳಿಯುತ್ತದೆ. ದಂತವೂ ಎರಡಕ್ಕೂ ಇರುವುದರಿಂದ ಗಂಡು-ಹೆಣ್ಣು ಗುರುತಿಸಲು ಅದನ್ನು ನಂಬಬೇಡಿ. ಮದವಾದರೆ ಗಂಡಾನೆಯ ಹಿಂಗಾಲುಗಳ ಒಳಬದಿ ಮೂತ್ರ ತೊಟ್ಟಿಕ್ಕಿ ಒದ್ದೆಯಾಗಿರುತ್ತದೆ, ಘಾಟು ದೂರಕ್ಕೇ ಬಡಿಯುತ್ತದೆ. ಕಿವಿ ಅಗಲಿಸಿ, ತಲೆ ಎತ್ತಿ, ಘೀಳಿಟ್ಟು, ಧೂಳೆಬ್ಬಿಸಿ ನುಗ್ಗುವುದು ಬಹುಪಾಲು ಹೆದರಿಸುವ ಆಟ. ಗೈಡ್ ನಿಂತಲ್ಲೇ ನಿಂತು ಗದರುತ್ತಾರೆ, ನೀವೂ ಕದಲಬಾರದು. ಕಿವಿ ಹಿಂದಕ್ಕೆ ಅಂಟಿಸಿ, ಸೊಂಡಿಲು ಒಳಗೆ ಸುತ್ತಿ, ತಲೆ ತಗ್ಗಿಸಿ ಸದ್ದಿಲ್ಲದೆ ಬಂದರೆ ಅದು ಆಟವಲ್ಲ. ಇದೂ ಅಂದಾಜೇ ಹೊರತು ಶಾಸನವಲ್ಲ. ಮರಿಗಳಿರುವ ಹಿಂಡು ಕಂಡರಂತೂ ಅನುಭವಿ ಗೈಡ್‌ಗಳು ದೂರದಿಂದಲೇ ದಾರಿ ಬದಲಿಸುತ್ತಾರೆ.

ಗೈಡ್‌ಗಳು ನಿಜಕ್ಕೂ ಹೆದರುವುದು ಹಿಂಡು ಬಿಟ್ಟ ಮುದಿ ಬಫಲೋಗಳಿಗೆ. ಕೆಸರಲ್ಲಿ ಹೊರಳಾಡುವ ಇವನ್ನು ಅಲ್ಲಿಯವರು 'ಡಾಗಾ ಬಾಯ್ಸ್' ಎನ್ನುತ್ತಾರೆ. ಬಿಸಿಲೇರಿದ ಮೇಲೆ ಹೊಳೆಯಂಚಿನ ಪೊದೆಯಲ್ಲಿ ಮಲಗಿರುತ್ತವೆ. ಹತ್ತಿರ ಹೋಗುವವರೆಗೂ ಏಳುವುದಿಲ್ಲ, ಎದ್ದರೆ ಆನೆಯಂತೆ ಮುನ್ಸೂಚನೆ ಕೊಡುವುದೂ ಅಪರೂಪ. ಮೈಮೇಲೆ ಕೂತು ಉಣುಗು ಹೆಕ್ಕುವ ಆಕ್ಸ್‌ಪೆಕರ್ ಹಕ್ಕಿ 'ಚರ್‌ರ್' ಎಂದು ಎದ್ದರೆ ಗೈಡ್ ಕೈ ಎತ್ತಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಮುಸುವದ ಅಲಾರಂ ಕಾಲ್ ಇದ್ದ ಹಾಗೆ.

ಸಿಂಹ ಎದುರಾದರೆ ಅದರತ್ತ ಮುಖ ಮಾಡಿಯೇ ನಿಲ್ಲಬೇಕು. ಬಾಲ ಝಾಡಿಸುತ್ತ ಗುರುಗುಟ್ಟುತ್ತಿದ್ದರೆ ಮುಂದಿಡುವ ಹೆಜ್ಜೆ ಅಲ್ಲಿಗೇ ಮುಗಿಯಿತು. ಅದು ಶಾಂತವಾದ ಮೇಲೆ ಗೈಡ್ ಹೇಳಿದಂತೆ ನಿಧಾನ ಹಿಂದೆ ಸರಿಯುವುದು. ಚಿರತೆಯದು ಉಲ್ಟಾ: ಕಣ್ಣಿಗೆ ಕಣ್ಣು ಕೊಡದೆ, ನೋಡೇ ಇಲ್ಲವೆಂಬಂತೆ ಅಲ್ಲಿಂದ ಸರಿಯುವುದು. ಹಿಪ್ಪೋ ರಾತ್ರಿ ಮೇದು ಬೆಳಗ್ಗೆ ನೀರಿಗೆ ಮರಳುತ್ತದೆ. ನಡುವೆ ದಿಬ್ಬ ಬಿಟ್ಟು ಎರಡು ಗೆರೆಯಾಗಿ ಸವೆದ ದಾರಿ ಅದರದ್ದು. ಹಿಪ್ಪೋಗೂ ನೀರಿಗೂ ಮಧ್ಯೆ ಸಿಕ್ಕಿಕೊಳ್ಳಬಾರದು.

ಬರೀ ದೊಡ್ಡ ಪ್ರಾಣಿಗೇ ಕಾದು ಕೂತವರು ನೆಲ ನೋಡುವುದನ್ನು ಮರೆಯುತ್ತಾರೆ. ಘೇಂಡಾಮೃಗದ ಸಗಣಿಯನ್ನು ಕಡ್ಡಿಯಿಂದ ಬಿಡಿಸಿ ತೋರಿಸಲು ಕೇಳಿ. ಬರೀ ಹುಲ್ಲಿದ್ದರೆ ಬಿಳಿ ಘೇಂಡಾ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂಥ ಕಡ್ಡಿ ಚೂರುಗಳಿದ್ದರೆ ಕಪ್ಪು. ಘೇಂಡಾ ಕಂಡರೆ ಜಾಗದ ಗುರುತಿರುವ ಫೋಟೊ ಹಾಕಬೇಡಿ, ಕೊಂಬಿನ ಕಳ್ಳಬೇಟೆಗಾರರೂ ಫೋನ್ ನೋಡುತ್ತಾರೆ.

ಸ್ವಂತ ಕಾರಿನಲ್ಲೂ ಉದ್ಯಾನ ಸುತ್ತಬಹುದು. ಅಲ್ಲಿ ಡ್ರೈವಿಂಗ್ ನಮ್ಮಂತೆ ರಸ್ತೆಯ ಎಡಕ್ಕೆ. ಡಾಂಬರಿನ ಮೇಲೆ 50, ಮಣ್ಣಿನಲ್ಲಿ 40 ಕಿ.ಮೀ. ಮಿತಿ. ಗೇಟು ಮುಚ್ಚುವ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ತಡವಾದರೆ ದಂಡ. ಬೆಂಗಳೂರಿನಿಂದ ನೈರೋಬಿ, ಅಡ್ಡಿಸ್ ಅಬಾಬಾ ಮಾರ್ಗವಾಗಿ ಹೋಗುವವರು, ಅಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವುದಾದರೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಬೇಕು. ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು.

ಉಣುಗಿನ ಮಾತು ಮಲೆನಾಡಿನವರಿಗೆ ಹೊಸದಲ್ಲ. ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ, ರಾತ್ರಿ ಸ್ನಾನದಲ್ಲಿ ತೊಡೆಸಂದು, ಕಂಕುಳು ಹುಡುಕಿ. ಊರಿಗೆ ಬಂದ ವಾರದೊಳಗೆ ಜ್ವರ, ತಲೆನೋವು ಬಂದು ಮೈಮೇಲೆ ಕಪ್ಪು ಹಕ್ಕಳೆಯ ಸಣ್ಣ ಗಾಯವಿದ್ದರೆ ಅದು ಅಲ್ಲಿನ ಉಣುಗು ಜ್ವರವಿರಬಹುದು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಜ್ವರ ಮಲೇರಿಯಾದ್ದೂ ಆಗಿರಬಹುದು, ಆದ್ದರಿಂದ ರಕ್ತಪರೀಕ್ಷೆ ತಪ್ಪಿಸಬೇಡಿ. ಆಫ್ರಿಕಾದ ಕಾಡಿಗೆ ಹೋಗಿದ್ದೆ ಎಂದು ನೀವೇ ಹೇಳದಿದ್ದರೆ ಇಲ್ಲಿನ ಡಾಕ್ಟರು ಡೆಂಗಿ ಟೆಸ್ಟಿನಲ್ಲೇ ನಿಂತುಬಿಡಬಹುದು.